ಸೇತುವೆ ಎಲ್ಲಿ ಎಂದು ಕೇಳಿದ ಕೃಷ್ಣಮ್ಮ

ಬಿಳಗಲ್ಲಿನ ಕೃಷ್ಣಮ್ಮ ಕಳಸದ ನಮ್ಮ ಅಂಗಡಿಗೆ ಗೊಬ್ಬರ ಕೊಳ್ಳಲು ಬಂದರೆ ಮೊದಲು ನೋಡುವುದು ಮೂಟೆಯ ಬಾಯಿಯ ಹೊಲಿಗೆಯನ್ನು. ದಾರ ಎಲ್ಲಾದರೂ ಬಿಚ್ಚಿ ಮತ್ತೆ ಹೊಲಿದಂತೆ ಕಂಡರೆ ಆ ಮೂಟೆ ಅವರಿಗೆ ಬೇಡ. ಮದುವೆಯಾಗಿ ಈ ಕಡೆಗೆ ಬಂದಾಗಿನಿಂದ ಅವರು ಕೊಳ್ಳುವುದು ನನ್ನ ಹತ್ತಿರವೇ. ಒಮ್ಮೆಯೂ ನಾನು ಮೋಸ ಮಾಡಿದವನಲ್ಲ. ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಈಗ ಅವರು ಮೆಟ್ಟಿಲು ಹತ್ತುವಾಗಲೇ ನಾನೇ ಮೂಟೆ ತಿರುಗಿಸಿ ಇಡುತ್ತೇನೆ.

ಅವರ ತವರು ಆಲ್ದೂರಿನ ಹತ್ತಿರ. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರು, "ನಮ್ಮೂರಿಂದ ಕಳಸ ಪೇಟೆಗೆ ನಡೆದೇ ಹೋಗಬಹುದು, ಹೊಳೆಗೆ ಸಂಕ ಇದೆ" ಎಂದಿದ್ದರಂತೆ. ಏಪ್ರಿಲಿನಲ್ಲಿ ಮದುವೆಯಾಯಿತು. ಕೃಷ್ಣಮ್ಮ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಆ ಸಂಕ ದಾಟಿಕೊಂಡೇ ಗಂಡನ ಮನೆಗೆ ಬಂದರು. ಜೂನ್ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಸಂಕವೇ ಇರಲಿಲ್ಲ. ಗಂಡ ವೆಂಕಟೇಶನವರನ್ನು ಕೇಳಿದ್ದಕ್ಕೆ, "ಪ್ರತಿ ವರ್ಷ ಕೊಚ್ಚಿಕೊಂಡು ಹೋಗುತ್ತೆ. ದೀಪಾವಳಿ ಕಳೀಲಿ, ಮತ್ತೆ ಕಟ್ತೀವಿ" ಎಂದರು. ಯಾರೂ ಸುಳ್ಳು ಹೇಳಿರಲಿಲ್ಲ. ಅದೇ ಅವರ ಮನಸ್ಸಿಗೆ ನಾಟಿದ್ದು. ಸುಳ್ಳು ಹೇಳದೆಯೂ ಜನರನ್ನು ಯಾಮಾರಿಸಬಹುದು ಎಂದು ತಿಳಿದದ್ದು ಆ ಮಳೆಗಾಲದಲ್ಲಿ ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು.

ಬಿಳಗಲ್ಲು ಹೊಳೆಯಾಚೆಯ ಹದಿನಾಲ್ಕು ಮನೆಗಳ ಊರು. ಎಲ್ಲರದ್ದೂ ಎರಡು ಮೂರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಸಂಕ ಇಲ್ಲದ ತಿಂಗಳುಗಳಲ್ಲಿ ಅವರಿಗಿರುವುದು ಒಂದೇ ದಾರಿ. ಊರಿನ ಮೇಲ್ಭಾಗದಲ್ಲಿ ಬಸವಪ್ರಸಾದ್ ಅವರ ದೊಡ್ಡ ಎಸ್ಟೇಟ್ ಇದೆ. ಅದರೊಳಗಿನ ಮಣ್ಣುರಸ್ತೆ ಗುಡ್ಡ ಬಳಸಿ ಹೋಗಿ ದೂರದಲ್ಲಿ ಟಾರು ರಸ್ತೆಯನ್ನು ಸೇರುತ್ತದೆ. ಆ ರಸ್ತೆಗೆ ಎರಡು ಕಡೆಯೂ ಕಬ್ಬಿಣದ ಗೇಟು. ಬಸವಪ್ರಸಾದ್ ಕೆಟ್ಟವರೆಂದು ಯಾರೂ ಹೇಳುವುದಿಲ್ಲ. ಬಿಳಗಲ್ಲಿನವರು ಕೇಳಿದರೆ ಗೇಟು ತೆಗೆಸುತ್ತಾರೆ. ಆದರೆ ಪ್ರತಿ ಸಲವೂ ಕೇಳಬೇಕು. ಕಾವಲಿನವನು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರಿಗೆ ಫೋನ್ ಮಾಡಬೇಕು, ರೈಟರ್ ಹೂಂ ಎನ್ನಬೇಕು. ಕೆಲವು ವರ್ಷಗಳ ಹಿಂದೆ ಕಲ್ಲಮ್ಮ ಎಂಬವರ ಗಂಡನಿಗೆ ಎದೆನೋವು ಬಂದ ದಿನ ಕಾವಲಿನವನು ಊಟಕ್ಕೆ ಹೋಗಿದ್ದ. ಜೀಪು ಗೇಟಿನ ಮುಂದೆ ನಿಂತು ಹಾರನ್ ಹೊಡೆಯುತ್ತಲೇ ಇತ್ತು. ಆಸ್ಪತ್ರೆ ಮುಟ್ಟುವಾಗ ಜೀವ ಹೋಗಿತ್ತು. ಗೇಟಿನಿಂದಲೇ ಹೋಯಿತು ಎಂದು ಹೇಳಲು ಬರುವುದಿಲ್ಲ. ಅಲ್ಲ ಎನ್ನಲೂ ಬರುವುದಿಲ್ಲ.

ಹೀಗಿರುವಾಗ ಎರಡು ವರ್ಷಗಳ ಹಿಂದಿನ ನವೆಂಬರಿನಲ್ಲಿ ನಮ್ಮ ಶಾಸಕ ಚನ್ನಕೇಶವ ಅವರು ಕಳಸದಲ್ಲಿ ಸಭೆ ಕರೆದರು. ಬೆಳಗಾವಿ ಅಧಿವೇಶನಕ್ಕೆ ಕೆಲವೇ ದಿನ ಉಳಿದಿತ್ತು. ಈ ಸಲ ಸದನದಲ್ಲಿ ಕ್ಷೇತ್ರದ ಪರವಾಗಿ ಏನೇನು ಕೇಳುತ್ತೇನೆ ಎಂದು ಜನರಿಗೆ ಮೊದಲೇ ತಿಳಿಸುವುದು ಅವರ ಉದ್ದೇಶ. ಕಾಫಿ ಕುಯ್ಲಿನ ಸಮಯವಾದ್ದರಿಂದ ಹೆಚ್ಚು ಜನ ಬಂದಿರಲಿಲ್ಲ. ನಾನು ಮುಂದಿನ ಸಾಲಿನಲ್ಲಿದ್ದೆ. ಕೃಷ್ಣಮ್ಮ, ವೆಂಕಟೇಶ ಇಬ್ಬರೂ ಹಿಂದೆ ಕೂತಿದ್ದರು. ತೋಟಕ್ಕೆ ನುಗ್ಗುವ ಆನೆ, ಡಾಕ್ಟರಿಲ್ಲದ ಆಸ್ಪತ್ರೆ, ಒತ್ತುವರಿ ಜಮೀನಿನ ಗುತ್ತಿಗೆ, ಇವೆಲ್ಲ ಬರುತ್ತವೆ ಎಂದು ನಮಗೆ ಗೊತ್ತಿತ್ತು. ಬಂದವು ಕೂಡ. ಆದರೆ ಶಾಸಕರು ಎಲ್ಲಕ್ಕಿಂತ ಮೊದಲು ಹೇಳಿದ್ದು ಬೇರೆ.

"ನನ್ನ ಮೊದಲ ಆದ್ಯತೆ ಬಿಳಗಲ್ಲಿನ ಸೇತುವೆ" ಎಂದರು.

ನಾವು ಚಪ್ಪಾಳೆ ಹೊಡೆದೆವು. ವೆಂಕಟೇಶನವರ ಕಣ್ಣಲ್ಲಿ ನೀರು ಬಂದಿತ್ತು. ಕೃಷ್ಣಮ್ಮ ಮಾತ್ರ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದರು. ಸಭೆ ಮುಗಿದ ಮೇಲೆ ಶಾಸಕರ ಆಪ್ತ ಸಹಾಯಕ ಮೋಹಿತ್ ಎಂಬ ಯುವಕನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದರು.

"ಹದಿನಾಲ್ಕು ಮನೆಗೆ ಮೊದಲ ಆದ್ಯತೆ ಎಂತಕ್ಕೆ?"

ಮೋಹಿತ್ ನಕ್ಕ. "ಅಮ್ಮ, ನಿಮ್ಮೂರಿಗೆ ಮೊದಲು ಅಂದ್ರೆ ಖುಷಿ ಪಡಬೇಕು. ಬೇರೆ ಊರಿನವ್ರು ನಮ್ಮನ್ನ ಬಿಟ್ರಿ ಅಂತ ಬೈತಿದಾರೆ."

"ನಾವು ಇಷ್ಟು ವರ್ಷ ಕೇಳುವಾಗ ಇಲ್ಲದ್ದು ಈಗ ಹೇಗೆ ಬಂತು ಅಂತ."

"ಕಾಲ ಕೂಡಿ ಬಂತು ಅಂದ್ಕೊಳ್ಳಿ" ಎಂದು ಅವನು ಜೀಪಿನ ಕಡೆ ಹೋದ.

ದಾರಿಯಲ್ಲಿ ವೆಂಕಟೇಶ ಹೆಂಡತಿಗೆ, "ಒಳ್ಳೇದಾದ್ರೂ ನಿಂಗೆ ಅನುಮಾನ ಮಾರಾಯ್ತಿ" ಎಂದರಂತೆ.

ಆ ವಾರವೇ ಸಂಕ ಕಟ್ಟುವ ಕೆಲಸ ನಡೆಯುತ್ತಿತ್ತು. ಊರಿನ ಗಂಡಸರೆಲ್ಲ ಹೊಳೆಯಲ್ಲಿದ್ದರು. ಸೇತುವೆಗೆ ಜಾಗ ಅಳೆಯುವವರು ಬಂದಿದ್ದಾರೆ ಎಂದು ಸುದ್ದಿ ಬಂದಾಗ ಕೃಷ್ಣಮ್ಮ ಸಂಕದ ಹತ್ತಿರ ಹೋಗಿ ನೋಡಿದರು. ಅಲ್ಲಿ ಊರಿನವರ ಹೊರತು ಯಾರೂ ಇರಲಿಲ್ಲ. ದನ ಹುಡುಕುವ ನೆಪ ಮಾಡಿಕೊಂಡು ಹೊಳೆಯ ದಡದಲ್ಲೇ ಮೇಲಕ್ಕೆ ನಡೆದರು. ಎಸ್ಟೇಟಿನ ಬೇಲಿ ದಾಟಿ ಸ್ವಲ್ಪ ದೂರ ಹೋದ ಮೇಲೆ, ಹೊಳೆ ಕಿರಿದಾಗುವ ಕಡೆ, ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡು ಇಬ್ಬರು ಏನನ್ನೋ ಅಳೆಯುತ್ತಿದ್ದರು. ದಡದಲ್ಲಿ ಕೆಂಪು ಬಣ್ಣ ಬಳಿದ ಗೂಟಗಳು. ಪಕ್ಕದಲ್ಲಿ ಎಸ್ಟೇಟಿನ ರೈಟರ್ ದೇವೇಂದ್ರ ನಿಂತಿದ್ದರು.

"ಎಂತ ಅಳೀತಿದಾರೆ ದೇವೇಂದ್ರಣ್ಣ?"

"ಪೈಪ್‌ಲೈನಿಗೆ" ಎಂದರು ದೇವೇಂದ್ರ. "ನೀವೆಂತ ಇಲ್ಲಿ?"

"ದನ ಬಂತಾ ಅಂತ."

ಇಬ್ಬರ ಮಾತೂ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಪೈಪು ಹಾಕಲು ಹೊಳೆಯ ಎರಡು ದಡಕ್ಕೂ ಅಷ್ಟು ಅಗಲಕ್ಕೆ ಗೂಟ ಯಾಕೆ ಹೊಡೆಯಬೇಕು ಎಂದು ಯೋಚಿಸುತ್ತ ಕೃಷ್ಣಮ್ಮ ಹಿಂದಿರುಗಿದರು.

ಆಮೇಲಿನ ದಿನಗಳಲ್ಲಿ ಅವರ ಅನುಮಾನಕ್ಕೆ ಸಿಗದವರೇ ಇಲ್ಲ. ಗೇಟಿನ ಕಾವಲಿನವನು ಯಾವತ್ತೂ ಇಲ್ಲದೆ ನಮಸ್ಕಾರ ಮಾಡಿದರೆ ಯಾಕೆ ಮಾಡಿದ ಎಂದು ನೋಡಿದರು. ನಾನು ಅಂಗಡಿಯಲ್ಲಿ ಸೇತುವೆಯ ವಿಷಯ ಎತ್ತಿದಾಗ, "ನಿಮಗೆ ಯಾರಾದ್ರೂ ಕೇಳಿ ಅಂತ ಹೇಳಿದ್ರಾ ಶಾಂತಣ್ಣ?" ಎಂದು ನನ್ನ ಮುಖವನ್ನೇ ನೋಡಿದರು. ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಆದರೆ ಅವರನ್ನು ನಿಜವಾಗಿ ಕೊರೆದದ್ದು ಮನೆಯೊಳಗಿನ ಸಂಗತಿ. ಒಂದು ಸಂಜೆ ವೆಂಕಟೇಶ ಬಸವಪ್ರಸಾದ್ ಅವರ ಜೀಪಿನಲ್ಲಿ ಬಂದು ಊರ ಬಾಗಿಲಲ್ಲಿ ಇಳಿದರು. ಪೇಟೆಯಿಂದ ಬರುವಾಗ ಹತ್ತಿಸಿಕೊಂಡರು ಎಂದರು. ಆವತ್ತಿನಿಂದ ಅವರು ಸೇತುವೆಯ ಮಾತೇ ಆಡಲಿಲ್ಲ. ಸಭೆಯಲ್ಲಿ ಕಣ್ಣೀರು ಹಾಕಿದ ಮನುಷ್ಯ ಈಗ ಆ ಮಾತು ಬಂದರೆ ಎದ್ದು ಕಣದಲ್ಲಿ ಹರಡಿದ ಕಾಫಿ ಎಳೆಯಲು ಹೋಗುತ್ತಿದ್ದರು.

ಮೂರು ನಾಲ್ಕು ದಿನ ನೋಡಿ ಕೃಷ್ಣಮ್ಮ ಕಣದಲ್ಲಿಯೇ ಅವರ ಎದುರಿಗೆ ಹೋಗಿ ನಿಂತರು.

"ಜೀಪಿನಲ್ಲಿ ಎಂತ ಹೇಳಿದ್ರು?"

"ಯಾರು?"

"ನಿಮ್ಮನ್ನ ಇಷ್ಟು ವರ್ಷದಲ್ಲಿ ಹತ್ತಿಸಿಕೊಳ್ಳದವ್ರು ಆವತ್ತು ಹತ್ತಿಸಿಕೊಂಡ್ರಲ್ಲ, ಅವ್ರು."

ವೆಂಕಟೇಶ ಮಾತು ಬೆಳೆಸುವವರಲ್ಲ. ಕಾಫಿ ಎಳೆಯುತ್ತಿದ್ದ ಗೋರುಮಣೆ ನೆಲಕ್ಕೆ ಇಟ್ಟು ಎಲ್ಲ ಹೇಳಿಬಿಟ್ಟರು. ಸೇತುವೆ ಬರುವುದು ಸಂಕದ ಜಾಗಕ್ಕಲ್ಲ, ಎಸ್ಟೇಟಿನೊಳಗೆ. ಬಸವಪ್ರಸಾದ್ ಅಲ್ಲಿ ರೆಸಾರ್ಟ್ ಮಾಡುವವರಿದ್ದಾರೆ. ಈಗಿರುವ ಗುಡ್ಡದ ರಸ್ತೆ ಸುತ್ತಾಗುತ್ತದೆ, ಸೇತುವೆ ಆದರೆ ಪ್ರವಾಸಿಗರು ಕಳಸದಿಂದ ನೇರ ಬರಬಹುದು. ಬಿಳಗಲ್ಲಿನವರೂ ಅದರ ಮೇಲೆಯೇ ಓಡಾಡಬಹುದು, ಗೇಟು ತೆಗೆದಿಡಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದಾರೆ. ಅಧಿವೇಶನ ಮುಗಿಯುವ ತನಕ ಊರಲ್ಲಿ ಗಲಾಟೆ ಆಗಬಾರದು ಅಷ್ಟೆ.

"ನೀವು ಹೂಂ ಅಂದ್ರಾ?"

"ಇಲ್ಲ ಅಂದಿದ್ರೆ ಎರಡೂ ಕಡೆ ಸೇತುವೆ ಇಲ್ಲದ ಹಾಗೆ ಆಗ್ತಿತ್ತು. ಜೀಪು, ಲಾರಿ ಎಲ್ಲ ಬರೋ ಸೇತುವೆ ಅಂತೆ ಅದು. ನಂಗೆ ಅಷ್ಟು ಸಾಕು ಅನಿಸ್ತು."

"ನಂಗೆ ಎಂತಕ್ಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಸುಮ್ಮನೆ ಇರ್ತಿದ್ಯಾ?"

ಕೃಷ್ಣಮ್ಮನ ಅನುಮಾನ ನಿಜವಾಗಿತ್ತು. ಇಡೀ ಜೀವನದಲ್ಲಿ ಅಷ್ಟು ಸರಿಯಾಗಿ ಊಹಿಸಿದ್ದು ಅದೊಂದೇ ಸಲ, ಅಷ್ಟು ನೋವಾದದ್ದೂ ಅದೊಂದೇ ಸಲ ಎಂದು ಕೃಷ್ಣಮ್ಮ ನನಗೆ ಆಮೇಲೆ ಹೇಳಿದರು. ಎರಡು ದಿನ ಗಂಡ ಹೆಂಡಿರ ನಡುವೆ ಮಾತಿರಲಿಲ್ಲ.

ಮೂರನೆಯ ದಿನ ಅವರು ಬೆಳಗಿನ ಬಸ್ಸು ಹತ್ತಿ ಮೂಡಿಗೆರೆಗೆ ಹೋದರು. ಶಾಸಕರ ಕಚೇರಿಯ ಮುಂದೆ ಜನ ತುಂಬಿದ್ದರು. ಮೋಹಿತ್ ಅವರನ್ನು ಕಂಡು, ಸಾಹೇಬರು ಬಣಕಲ್ಲಿಗೆ ಹೊರಟಿದ್ದಾರೆ, ಸಿಗುವುದಿಲ್ಲ ಎಂದ. ಕೃಷ್ಣಮ್ಮ ಹೋಗಿ ಶಾಸಕರ ಕಾರಿನ ಪಕ್ಕದಲ್ಲಿ ನಿಂತರು. ಬಣಕಲ್ಲಿಗೆ ಹೋಗಬೇಕಾದರೂ ಕಾರು ಹತ್ತಲೇಬೇಕಲ್ಲ.

ಚನ್ನಕೇಶವ ಹೊರಗೆ ಬಂದು ಅವರನ್ನು ಗುರುತಿಸಲಿಲ್ಲ. ಬಿಳಗಲ್ಲು ಎಂದ ಕೂಡಲೇ ಮುಖ ಅರಳಿತು.

"ನಿಮ್ಮ ಸೇತುವೆನೇ ಮೊದಲು ಅಮ್ಮ. ಹೇಳಿದೀನಲ್ಲ."

"ಅದು ಎಲ್ಲಿ ಸಾರ್?"

"ಎಲ್ಲಿ ಅಂದ್ರೆ?"

"ಕಂಬ ಎಲ್ಲಿ ನಿಲ್ಲುತ್ತೆ? ನಾವು ಸಂಕ ಹಾಕೋ ಕಡೆಯಾ, ಎಸ್ಟೇಟಿನ ಗೇಟಿನ ಒಳಗಾ?"

ಶಾಸಕರು ಒಮ್ಮೆ ಮೋಹಿತನ ಕಡೆ ನೋಡಿದರು. ಆಮೇಲೆ ಕಾರಿನ ಬಾಗಿಲು ಮುಚ್ಚಿ, ಅವರನ್ನು ಜಗಲಿಯ ತುದಿಗೆ ಕರೆದುಕೊಂಡು ಹೋದರು. ಸಿಟ್ಟು ಮಾಡಲಿಲ್ಲ. ಅದೂ ಕೃಷ್ಣಮ್ಮನಿಗೆ ಅನುಮಾನವೇ ಆಯಿತು.

"ನೋಡಿ, ಮುಚ್ಚಿಡೋದು ಎಂತದೂ ಇಲ್ಲ" ಎಂದರು ಶಾಸಕರು. "ಹದಿನಾಲ್ಕು ಮನೆಗೆ ದೊಡ್ಡ ಸೇತುವೆ ಕೊಡಿ ಅಂತ ನಾನು ಸದನದಲ್ಲಿ ನಿಂತ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಹಿಂದಿನ ಎರಡು ಸಲ ಕೇಳಿ ಸುಮ್ಮನಾದೆ. ಪ್ರವಾಸೋದ್ಯಮಕ್ಕೆ ಅಂದ್ರೆ ಕೊಡ್ತಾರೆ. ಜಾಗ ಬಸವಪ್ರಸಾದ್ ಬಿಟ್ಟುಕೊಡ್ತಾರೆ. ಅವ್ರಿಗೂ ಆಯ್ತು, ನಿಮಗೂ ಆಯ್ತು. ಅದರಲ್ಲಿ ನಿಮಗೆ ನಷ್ಟ ಎಂತ ಹೇಳಿ."

"ಗೇಟಿನ ಬೀಗ ಯಾರ ಹತ್ರ ಇರುತ್ತೆ?"

"ತೆಗೆದೇ ಇರ್ತಾರೆ. ನಾನು ಹೇಳ್ತೀನಲ್ಲ."

"ನೀವು ಇರೋ ತನಕ ತೆಗೆದಿರ್ತಾರೆ. ಆಮೇಲೆ? ಬಸವಪ್ರಸಾದ್ ಅವ್ರು ಒಳ್ಳೆಯವ್ರೇ. ನಾಳೆ ಅವ್ರು ಬೇರೆಯವ್ರಿಗೆ ಮಾರಿದ್ರೆ?"

ಕೃಷ್ಣಮ್ಮ ಮನೆಯಿಂದ ಹೊರಡುವಾಗಲೇ ಯೋಚಿಸಿಟ್ಟುಕೊಂಡಿದ್ದ ಮಾತನ್ನು ಹೇಳಿದರು.

"ನೀವು ನಂಗೆ ಎಂತದೂ ಮಾತು ಕೊಡಬೇಡಿ ಸಾರ್. ಸದನದಲ್ಲಿ ಮಾತಾಡುವಾಗ, 'ಜನ ಈಗ ಸಂಕ ದಾಟೋ ಜಾಗದಲ್ಲೇ' ಅಂತ ಒಂದು ಮಾತು ಸೇರಿಸಿ. ಅಲ್ಲಿ ಆಡಿದ್ದು ಹಾಗೇ ಉಳಿಯುತ್ತಂತಲ್ಲ. ಅಷ್ಟು ಸಾಕು."

"ನೋಡೋಣ" ಎಂದು ಶಾಸಕರು ಕಾರು ಹತ್ತಿದರು.

ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಆ 'ನೋಡೋಣ'ದ ಬಗ್ಗೆಯೇ ಯೋಚನೆ. ಅದನ್ನು ಹೇಳುವಾಗ ಶಾಸಕರು ತನ್ನ ಮುಖ ನೋಡಿದರೋ, ಕಾರಿನ ಬಾಗಿಲು ನೋಡಿದರೋ ಎಂದು ಎಷ್ಟು ನೆನಪಿಸಿಕೊಂಡರೂ ಸ್ಪಷ್ಟವಾಗಲಿಲ್ಲ.

ಅಧಿವೇಶನ ಶುರುವಾಯಿತು. ಕಲಾಪವನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುತ್ತಾರೆ ಎಂದು ನಾನು ಹೇಳಿದ್ದರಿಂದ ಕೃಷ್ಣಮ್ಮ ಕುಯ್ಲಿನ ಕೆಲಸ ಬಿಟ್ಟು ನಮ್ಮ ಅಂಗಡಿಗೆ ಬಂದು ಕೂತರು. ಮೊದಲ ದಿನ ಯಾವುದೋ ಹಗರಣದ ಗಲಾಟೆ. ಎಲ್ಲರೂ ಎದ್ದು ನಿಂತು ಕೂಗುತ್ತಿದ್ದರು. ಯಾರು ಏನು ಹೇಳುತ್ತಿದ್ದಾರೆ ಎಂದು ತಿಳಿಯುವ ಮೊದಲೇ ಸದನವನ್ನು ಮುಂದೂಡಿದರು. ಎರಡನೆಯ ದಿನವೂ ಅದೇ. "ಬೇಕು ಅಂತಲೇ ಗಲಾಟೆ ಮಾಡ್ತಿದಾರಾ?" ಎಂದು ಕೃಷ್ಣಮ್ಮ ಕೇಳಿದರು. ನಮ್ಮ ಸೇತುವೆಗಾಗಿ ಇಡೀ ಸದನ ಸೇರಿ ಗಲಾಟೆ ಮಾಡಲಾರದು ಎಂದು ನಾನು ಹೇಳಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಇನ್ನೂ ಎರಡು ದಿನ ಕಳೆದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅರ್ಧ ಖಾಲಿ ಕುರ್ಚಿಗಳ ನಡುವೆ ನಮ್ಮ ಶಾಸಕರು ಎದ್ದು ನಿಂತರು. ಗಮನ ಸೆಳೆಯುವ ಸೂಚನೆಯ ಮೇಲೆ ಮಾತು. ಕೈಯಲ್ಲಿದ್ದ ಹಾಳೆ ನೋಡಿಕೊಂಡು ಓದಿದರು.

"ಮಾನ್ಯ ಸಭಾಧ್ಯಕ್ಷರೇ, ನನ್ನ ಕ್ಷೇತ್ರದ ಬಿಳಗಲ್ಲು ಗ್ರಾಮದ ಜನರು ಪ್ರಸ್ತುತ ಕಾಲುಸಂಕ ದಾಟುವ ಸ್ಥಳದಲ್ಲಿಯೇ ಶಾಶ್ವತ ಸೇತುವೆಯನ್ನು ನಿರ್ಮಿಸಬೇಕೆಂದು ಸರ್ಕಾರದ ಗಮನಕ್ಕೆ ತರಬಯಸುತ್ತೇನೆ."

ನಾನು ಮೇಜು ತಟ್ಟಿದೆ. ಕೃಷ್ಣಮ್ಮ, "ಇನ್ನೊಂದು ಸಲ ಹಾಕಿ" ಎಂದರು. ಸಂಜೆ ಆ ತುಣುಕು ಪ್ರತ್ಯೇಕವಾಗಿ ಬಂದ ಮೇಲೆ ಹಾಕಿ ತೋರಿಸಿದೆ.

"ಎಂತಕ್ಕೆ ಹೇಳಿದ್ರು ಶಾಂತಣ್ಣ?"

"ನೀವು ಹೋಗಿ ಕೇಳಿದ್ದಕ್ಕೆ."

"ನಾನು ಕೇಳಿದೆ ಅಂತ ಯಾರಾದ್ರೂ ಬಸವಪ್ರಸಾದ್ ಅವ್ರನ್ನ ಬಿಡ್ತಾರಾ?"

ಅದಕ್ಕೆ ಉತ್ತರ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಮೋಹಿತ್ ಯಾರದೋ ಮದುವೆಗೆಂದು ಕಳಸಕ್ಕೆ ಬಂದವನು ನಮ್ಮ ಅಂಗಡಿಯಲ್ಲಿ ಕೂತು ಮಾತಾಡುವಾಗ, ಎಸ್ಟೇಟಿನೊಳಗಿನ ಆ ಜಾಗ ಕಾಡಿನ ಗಡಿಗೆ ತಾಗುತ್ತದೆ, ಅಲ್ಲಿ ಒಪ್ಪಿಗೆ ಸಿಗುವುದು ಕಷ್ಟ ಎಂದು ಅಧಿವೇಶನಕ್ಕೆ ಮೊದಲೇ ಯಾರೋ ಹೇಳಿದ್ದರು ಎಂದ. "ಹಾಗಾದ್ರೆ ಕೃಷ್ಣಮ್ಮೋರು ಹೇಳಿದ್ದಕ್ಕೆ ಅಲ್ವಾ?" ಎಂದೆ. "ಅದೂ ಇರಬಹುದು" ಎಂದ. "ಸಾಹೇಬ್ರು ಬಣಕಲ್ಲಿಗೆ ಹೋಗ್ತಾ ದಾರಿಲಿ ಒಂದೂ ಮಾತಾಡಲಿಲ್ಲ ಆವತ್ತು." ಎರಡರಲ್ಲಿ ಯಾವುದು ಎಂದು ಅವನಿಗೂ ಗೊತ್ತಿರಲಿಲ್ಲ. ನಾನು ಎರಡನ್ನೂ ಕೃಷ್ಣಮ್ಮನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಕಾಡಿನ ಗಡಿಯ ಕಾರಣವನ್ನೇ ನಂಬಿದರು ಎಂದು ನನಗೆ ಅನಿಸಿತು.

ಸೇತುವೆ ಮಂಜೂರಾಯಿತು. ಆದರೆ ಪ್ರವಾಸೋದ್ಯಮದ ಹೆಸರಿಲ್ಲದ ಕಾರಣ ಬಂದದ್ದು ಸಣ್ಣ ಸೇತುವೆ. ಜನ ನಡೆಯಬಹುದು, ಬೈಕು ಹೋಗಬಹುದು, ಅಷ್ಟೆ. ಕಾಫಿ ಮೂಟೆಗಳನ್ನು ಈಗಲೂ ಹೊತ್ತು ದಾಟಿಸಿ ಆಚೆ ನಿಂತ ಜೀಪಿಗೆ ತುಂಬಬೇಕು. ಕೆಲಸ ಮುಗಿದದ್ದು ಈ ವರ್ಷದ ಮೇ ತಿಂಗಳಲ್ಲಿ. ಉದ್ಘಾಟನೆಗೆ ಬಂದ ಶಾಸಕರು ಕೃಷ್ಣಮ್ಮನ ಕೈಯಲ್ಲೇ ರಿಬ್ಬನ್ ಕಟ್ ಮಾಡಿಸಿದರು. ಫೋಟೋದಲ್ಲಿ ಅವರು ಕತ್ತರಿ ಹಿಡಿದು ಶಾಸಕರ ಮುಖವನ್ನೇ ನೋಡುತ್ತಿದ್ದಾರೆ.

ಊರಿನವರ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಎಸ್ಟೇಟಿನೊಳಗೆ ಲಾರಿ ಹೋಗುವ ಸೇತುವೆ ಬರುವುದಿತ್ತು, ಅದನ್ನು ಕೃಷ್ಣಮ್ಮ ಹಾಳು ಮಾಡಿದರು ಎಂಬ ಮಾತು ಯಾರ ಬಾಯಿಂದಲೋ ಹುಟ್ಟಿ ಮನೆಮನೆ ತಲುಪಿತು. ಶಾಸಕರು ಅವರಿಗೆ ಏನೋ ಕೊಟ್ಟಿರಬೇಕು, ಇಲ್ಲದಿದ್ದರೆ ರಿಬ್ಬನ್ ಯಾಕೆ ಕಟ್ ಮಾಡಿಸುತ್ತಿದ್ದರು ಎಂದೂ ಕೆಲವರು ಹೇಳಿದರು. ಊರನ್ನೆಲ್ಲ ಅನುಮಾನದಿಂದ ನೋಡಿದವರನ್ನು ಈಗ ಊರು ಹಾಗೆ ನೋಡಿತು. ಬಸವಪ್ರಸಾದ್ ಗೇಟಿಗೆ ಬೀಗ ಹಾಕಿಸಿದರು. ನಿಮಗೆ ಈಗ ದಾರಿ ಆಯಿತಲ್ಲ ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಕಲ್ಲಮ್ಮನ ಸೊಸೆಗೆ ದಿನ ತುಂಬುವ ಮೊದಲೇ ಹೊಟ್ಟೆನೋವು ಶುರುವಾಯಿತು. ಫೋನ್ ಮಾಡಿದ್ದಕ್ಕೆ ಆಂಬುಲೆನ್ಸ್ ಬಂದು ಹೊಳೆಯ ಕಳಸದ ಕಡೆಯ ದಡದಲ್ಲಿ ನಿಂತಿತು. ಮನೆಯಿಂದ ಅಲ್ಲಿಯವರೆಗೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬಿದಿರು ಕಟ್ಟಿ, ಜಾರುವ ಇಳಿಜಾರಿನಲ್ಲಿ ಹೊತ್ತು ತರಬೇಕಾಯಿತು. ಒಂದು ಕಡೆ ವೆಂಕಟೇಶ ಹೆಗಲು ಕೊಟ್ಟರು. ಕೃಷ್ಣಮ್ಮ ಪಕ್ಕದಲ್ಲಿ ಕೊಡೆ ಹಿಡಿದು ನಡೆದರು. ಸೇತುವೆಯ ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿತ್ತು. ಆಕೆ ಸುಖವಾಗಿ ಆಸ್ಪತ್ರೆ ಸೇರಿ ಹೆಣ್ಣು ಮಗುವನ್ನು ಹೆತ್ತಳು.

ಮರುದಿನ ಕಲ್ಲಮ್ಮ ಸಿಕ್ಕಾಗ, "ಸೇತುವೆ ಇಲ್ಲದಿದ್ರೆ ಎಂತ ಆಗ್ತಿತ್ತೋ" ಎಂದರು. ಹಿಂದೆಯೇ, "ದೊಡ್ಡದಾಗಿದ್ರೆ ವ್ಯಾನ್ ಮನೆ ಬಾಗಿಲಿಗೇ ಬರ್ತಿತ್ತು" ಎಂದೂ ಹೇಳಿದರು. ಕೃಷ್ಣಮ್ಮ ಎರಡಕ್ಕೂ ಹೌದು ಎಂದರಂತೆ.

ಕಳೆದ ತಿಂಗಳು ಅಂಗಡಿಗೆ ಬಂದಾಗ ಅವರು ಇದೆಲ್ಲ ಹೇಳಿದರು. "ಆವತ್ತು ಸುಮ್ಮನಿದ್ದಿದ್ರೆ ಜೀಪು ಬರ್ತಿತ್ತೋ, ಬೀಗವೇ ಬೀಳ್ತಿತ್ತೋ, ಗೊತ್ತಾಗೋ ಹಾಗೇ ಇಲ್ಲ ಶಾಂತಣ್ಣ." ಆಮೇಲೆ ಮುಂದಿನ ಅಧಿವೇಶನ ಯಾವಾಗ ಎಂದು ಕೇಳಿದರು. ಡಿಸೆಂಬರಿನಲ್ಲಿ ಎಂದೆ.

"ಈ ಸಲ ಶಾಸಕರು ಎಂತೆಂತ ಕೇಳ್ತಾರಂತೆ?"

ಪೇಪರಿನಲ್ಲಿ ಬಂದದ್ದನ್ನು ಹೇಳಿದೆ. ಆನೆ, ಡಾಕ್ಟರು, ಕಾಫಿಗೆ ಬೆಳೆವಿಮೆ. ಬಿಳಗಲ್ಲಿನ ಹೆಸರಿಲ್ಲ ಎಂದೆ, ಸ್ವಲ್ಪ ಅಳುಕಿನಿಂದ.

ಕೃಷ್ಣಮ್ಮನ ಮುಖ ಸಡಿಲವಾಯಿತು. "ಹೆಸರಿಲ್ಲ ಅಂದ್ರೆ ಅದರಲ್ಲಿ ಬೇರೆಯವ್ರಿಗೆ ಲಾಭ ಎಂತದೂ ಇಲ್ಲ ಅಂತ ಆಯ್ತು" ಎಂದರು. "ಈಗ ಹೋಗಿ ಕೇಳೋದು ಒಳ್ಳೇದು."

ಆಮೇಲಿನ ಸೋಮವಾರ ಬೆಳಗಿನ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಮೂಡಿಗೆರೆಗೆ ಹೋದರು. ಸೇತುವೆಯನ್ನು ಜೀಪು ಹೋಗುವಷ್ಟು ಅಗಲ ಮಾಡಿಕೊಡಿ ಎಂದು ಈ ಸಲ ಕೇಳಿದವರು ವೆಂಕಟೇಶ. ಶಾಸಕರು ನೋಡೋಣ ಎಂದರಂತೆ.